ಚರ್ಮದ ಸೋಫಾನಾ, ಬಟ್ಟೆಯದ್ದಾ? ಕರಾವಳಿ ಮನೆಗಳು ಕೂತುಕೊಂಡ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ವಿಷಯ ಕೇಳಿ ನಗಬೇಡಿ. ಸೋಫಾ. ಹೌದು, ಹಾಲ್‌ನಲ್ಲಿ ಇಡುವ ಸೋಫಾವೇ. ಹೊಸ ಮನೆ ಕಟ್ಟಿದವರು, ಹಳೆ ಮನೆ ರಿಪೇರಿ ಮಾಡಿಸಿದವರು ಎಲ್ಲರಿಗೂ ಬರುವ ಪ್ರಶ್ನೆ ಇದು: ಲೆದರ್ ತಗೊಳ್ಳುವುದಾ, ಬಟ್ಟೆಯದ್ದು ತಗೊಳ್ಳುವುದಾ? ಇದಕ್ಕೆ ಫರ್ನಿಚರ್ ಅಂಗಡಿಯವರ ಹತ್ತಿರ ಒಂದು ಉತ್ತರ ಉಂಟು, ಯೂಟ್ಯೂಬಿನಲ್ಲಿ ನೂರು ಉತ್ತರ ಉಂಟು. ನಾನು ಚರಿತ್ರೆಯ ಕಡೆಯಿಂದ ನೋಡುವ ಅಂತ ಹೊರಟಿದ್ದೇನೆ. ಯಾಕೆ ಅಂದ್ರೆ ನಮ್ಮೂರು ಎಲ್ಲೂರಿನಲ್ಲಿ, ಸುತ್ತಮುತ್ತ ಕಾಪು, ಪಡುಬಿದ್ರಿ, ಕಾರ್ಕಳದಲ್ಲಿ, "ಲೆದರ್ ಬೇಡ" ಅನ್ನುವವರು ಹೇಳುವ ಕಾರಣ ಒಂದೇ, ಮಳೆ. ಆದರೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಉಂಟು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದೇ ಇವತ್ತಿನ ಕೆಲಸ.

ಮೊದಲು ನೆಲ

ಕುರ್ಚಿ ಅನ್ನುವ ಶಬ್ದ ಅರಬ್ಬಿಯ ಕುರ್ಸಿಯಿಂದ ಬಂದದ್ದು. ಸೋಫಾ ಕೂಡ ಅರಬ್ಬಿ ಮೂಲದ್ದೇ, ಸುಫ್ಫ ಅನ್ನುವ ಶಬ್ದ ತುರ್ಕಿ, ಯುರೋಪು ಎಲ್ಲ ಸುತ್ತಿ ನಮ್ಮ ಹಾಲ್‌ಗೆ ಬಂದಿದೆ. ಹಾಗಾದರೆ ನಮ್ಮದು ಅಂತ ಇದ್ದದ್ದು ಎಂತ? ಮಣೆ, ಚಾಪೆ, ಜಗಲಿ.

ಮಣೆ ಹೆಚ್ಚಾಗಿ ಹಲಸಿನ ಮರದ್ದು. ಚಾಪೆ ಮುಂಡೇವಿನ ಓಲೆಯದ್ದು, ತುಳುವಿನಲ್ಲಿ ಪಜೆ. ಕೇದಗೆಯ ಜಾತಿಯ ಆ ಗಿಡ ತೋಡಿನ ಬದಿಯಲ್ಲಿ ತಾನೇ ಬೆಳೆಯುತ್ತದೆ. ಮುಳ್ಳು ತೆಗೆದು, ಓಲೆ ಸೀಳಿ, ಒಣಗಿಸಿ ನೇಯುವುದು. ತೇವ ಆದರೆ ಬಿಸಿಲಿಗೆ ಹಾಕಿದರೆ ಆಯ್ತು, ಹರಿದರೆ ಬಿಸಾಡಿದರೆ ಆಯ್ತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ಇದಕ್ಕಿಂತ ಬುದ್ಧಿವಂತ ಆಸನ ಇಲ್ಲ. ಮಡಚಿ ಮೂಲೆಗೆ ಇಡ್ಲಿಕ್ಕೂ ಆಗ್ತದೆ.

ಆದರೆ ಎಲ್ಲಿ ಕೂರುವುದು ಅನ್ನುವುದು ಬರೀ ಅನುಕೂಲದ ಮಾತಾಗಿರಲಿಲ್ಲ. ಗುತ್ತಿನ ಮನೆಯ ಚಾವಡಿ ನೋಡಿ. ಮೇಲೆ ಚಾವಡಿ, ಅದಕ್ಕಿಂತ ಕೆಳಗೆ ಜಗಲಿ, ಅದಕ್ಕಿಂತ ಕೆಳಗೆ ಮೆಟ್ಟಿಲು, ಅದರ ಕೆಳಗೆ ಅಂಗಳ. ಯಾರು ಎಷ್ಟನೇ ಮೆಟ್ಟಿಲವರೆಗೆ ಬರಬಹುದು, ಯಾರು ಕೂರಬಹುದು, ಯಾರು ನಿಂತೇ ಮಾತಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಬರೆದಿಟ್ಟ ಕಾನೂನು ಬೇಕಾಗಿರಲಿಲ್ಲ, ಕಟ್ಟಡವೇ ಕಾನೂನು.

1799ರ ನಂತರ ಕೆನರಾ ಬ್ರಿಟಿಷರ ಕೈಗೆ ಬಂತು. ಕಚೇರಿ, ಕೋರ್ಟು ಬಂದವು, ಅವುಗಳ ಹಿಂದೆಯೇ ಕುರ್ಚಿ ಬಂತು. ನಂತರ ಉಳ್ಳವರ ಜಗಲಿಗೆ ಆರಾಮ ಕುರ್ಚಿ ಬಂತು, ಮರದ ಚೌಕಟ್ಟು, ನಡುವೆ ಬೆತ್ತದ ಹೆಣಿಗೆ. ಗಮನಿಸಿ, ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಒಳಗೆ ಸ್ಪ್ರಿಂಗ್, ಮೇಲೆ ಚರ್ಮ ಅಥವಾ ಮಖಮಲ್ ಹೊದ್ದ ಸೋಫಾಗಳು ಬರ್ತಾ ಇದ್ದವು. ಇಲ್ಲಿಗೆ ಬಂದ ಬಿಳಿಯರು ಬೆತ್ತವನ್ನೇ ಆರಿಸಿಕೊಂಡರು. ಗಾಳಿ ಆಡ್ತದೆ, ಬೆವರು ನಿಲ್ಲುವುದಿಲ್ಲ, ಬೂಷ್ಟು ಹಿಡಿಯುವುದು ಕಡಿಮೆ.

ಬಟ್ಟೆಯ ಕಥೆ

ಬಟ್ಟೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗೆ ದೊಡ್ಡ ಚರಿತ್ರೆಯೇ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಂದ ಕೂಡಲೇ ನಮಗೆ ನೆನಪಾಗುವುದು ಹಂಚು, 1865ರಲ್ಲಿ ಪ್ಲೆಬ್ಸ್ಟ್ ಶುರು ಮಾಡಿದ ಕಾರ್ಖಾನೆ. ಆದರೆ ಹಂಚಿಗಿಂತ ಮೊದಲೇ ಅವರು ಮಗ್ಗ ಹಾಕಿದ್ದರು. 1851ರಲ್ಲಿ ಬಂದ ಜಾನ್ ಹಾಲರ್ ಅನ್ನುವ ನೇಯ್ಗೆ ಪರಿಣತ ಬಲ್ಮಠದಲ್ಲಿ ಆ ಕೆಲಸವನ್ನು ಗಟ್ಟಿ ಮಾಡಿದ. ಖಾಕಿ ಬಣ್ಣದ ಕಥೆಯಲ್ಲಿ ಮಂಗಳೂರಿನ ಹೆಸರು ಬರುವುದು ಇವನಿಂದಲೇ. ಮಿಷನ್ನಿನ ಮಗ್ಗಗಳು ಕಣ್ಣೂರಿಗೂ ಹೋದವು. ಇವತ್ತು ಕಣ್ಣೂರಿನ ಕೈಮಗ್ಗದ ಹೋಮ್ ಫರ್ನಿಷಿಂಗ್‌ಗೆ ಜಿಐ ಟ್ಯಾಗ್ ಉಂಟು. ಪರದೆ, ಮಂಚದ ಹೊದಿಕೆ, ಕುಶನ್ ಬಟ್ಟೆಯ ಆ ಊರು ನಮ್ಮಿಂದ ರೈಲಿನಲ್ಲಿ ಕೆಲವೇ ಗಂಟೆಯ ದಾರಿ.

ಇನ್ನು ಉಡುಪಿ. ನಾನು ಬಿ.ಕಾಂ. ಓದಿದವನು, ಹಾಗಾಗಿ ಈ ಭಾಗ ನನಗೆ ಬಹಳ ಇಷ್ಟ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಉದ್ದೇಶ ಎಂತ ಗೊತ್ತುಂಟಾ? ಕೈಮಗ್ಗ ನೆಲ ಕಚ್ಚಿದಾಗ ಇಲ್ಲಿಯ ನೇಕಾರರಿಗೆ ಹಣದ ಆಸರೆ ಕೊಡುವುದು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು, 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿತು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗ್ತಿದ್ದ. ದೇಶದ ಒಂದು ದೊಡ್ಡ ಬ್ಯಾಂಕ್ ಹುಟ್ಟಿದ್ದು ನೂಲಿನ ಕಷ್ಟದಿಂದ ಅಂತ ಇವತ್ತು ಎಷ್ಟು ಜನರಿಗೆ ನೆನಪುಂಟು?

ಉಡುಪಿ ಸೀರೆಗೆ 2016ರಲ್ಲಿ ಜಿಐ ಸಿಕ್ಕಿತು. ತಾಳಿಪಾಡಿ, ಶಿವಳ್ಳಿಯ ನೇಕಾರರ ಸಂಘಗಳಲ್ಲಿ ಮಗ್ಗ ಇನ್ನೂ ಸದ್ದು ಮಾಡ್ತಾ ಇದೆ, ಆದರೆ ನೇಯುವವರು ಹೆಚ್ಚಿನವರು ವಯಸ್ಸಾದವರು. ಆ ಸೀರೆಯ ಬಟ್ಟೆ ತೆಳು, ಸೋಫಾಕ್ಕೆ ಆಗುವುದಿಲ್ಲ. ಆದರೆ ಕೈಮಗ್ಗದ ದಪ್ಪ ಹತ್ತಿ ಬಟ್ಟೆ ಧಾರಾಳ ಆಗ್ತದೆ. ಅಂಗಡಿಯಲ್ಲಿ "ಫ್ಯಾಬ್ರಿಕ್ ಸೋಫಾ" ಅಂತ ನಮಗೆ ತೋರಿಸುವುದು ಹೆಚ್ಚಾಗಿ ಪಾಲಿಯೆಸ್ಟರ್.

ಚರ್ಮದ ಕಥೆ

ಈಗ ಕಷ್ಟದ ಭಾಗ. 1956ರವರೆಗೆ ನಾವು ಮದ್ರಾಸಿನ ಭಾಗ. ಮದ್ರಾಸ್ ಪ್ರಾಂತ್ಯ ಅಂದರೆ ಚರ್ಮದ ದೊಡ್ಡ ಕೇಂದ್ರ, ವಾಣಿಯಂಬಾಡಿ, ಆಂಬೂರು, ರಾಣಿಪೇಟೆ. ಅಲ್ಲಿ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಕ್ರೋಮ್ ಹದಕ್ಕೆ ಪೇಟೆಂಟ್ ತಗೊಂಡ, ವಾರಗಟ್ಟಲೆಯ ಕೆಲಸ ಗಂಟೆ, ದಿನಗಳಿಗೆ ಇಳಿಯಿತು. ಅದನ್ನು ಮದ್ರಾಸಿನಲ್ಲಿ ಬೆಳೆಸಲು ಓಡಾಡಿದ ಆಲ್ಫ್ರೆಡ್ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕೆಯ ಹೊಣೆಗೂ ಬಂದ. ಇವತ್ತಿನ ಮೆತ್ತನೆಯ ಸೋಫಾ ಲೆದರ್ ಹೆಚ್ಚಾಗಿ ಕ್ರೋಮ್ ಹದದ್ದೇ.

ಇಷ್ಟೆಲ್ಲ ಆದರೂ ನಮ್ಮ ಕರಾವಳಿಯಲ್ಲಿ ಚರ್ಮದ ಉದ್ಯಮ ಬೇರು ಬಿಡಲಿಲ್ಲ. ತಂಗಡಿ ಒಣನೆಲದ ಗಿಡ, ಚರ್ಮ ಒಣಗಲು ಬೇಕಾದ್ದು ಒಣಗಾಳಿ. ಕೊಲ್ಹಾಪುರಿ ಚಪ್ಪಲಿಯ 2019ರ ಜಿಐಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆ ಇವೆ: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಾಲ್ಕೂ ಘಟ್ಟದ ಮೇಲಿನವು. ಹಾಗಾಗಿ ಮಳೆಯ ಕಾರಣ ಸುಳ್ಳಲ್ಲ.

ಆದರೆ ಅದೊಂದೇ ಕಾರಣವಾಗಿದ್ದರೆ ಚರ್ಮದ ವಿಷಯ ಬಂದಾಗ ಮುಖ ಯಾಕೆ ಸಿಂಡರಿಸಬೇಕು? ನಮ್ಮ ಅಜ್ಜಿಯ ಹತ್ತಿರ ಲೆದರ್ ಸೋಫಾದ ಮಾತೆತ್ತಿದಾಗ ಅವರು ಕೇಳಿದ್ದು ಬೂಷ್ಟಿನ ವಿಷಯ ಅಲ್ಲ. "ಚರ್ಮದ ಮೇಲೆ ಕೂತು ಚಾ ಕುಡೀಲಿಕ್ಕುಂಟಾ ಮಗಾ?" ಅಂತ ಕೇಳಿದರು.

ಇಲ್ಲಿ ಸ್ವಲ್ಪ ನಿಲ್ಲುವ. ನಮ್ಮ ಪದ್ಧತಿಯಲ್ಲಿ ಚರ್ಮ ನಿಜವಾಗಿ ಅಶುದ್ಧವಾ? ಉಪನಯನದಲ್ಲಿ ಕೃಷ್ಣಾಜಿನ ಉಂಟು, ಅದು ಜಿಂಕೆಯ ಚರ್ಮ. ತಪಸ್ವಿಗಳ ಆಸನ ಹುಲಿ ಚರ್ಮ. ಎಲ್ಲೂರಿನ ವಿಶ್ವೇಶ್ವರನೂ ಚರ್ಮಾಂಬರಧಾರಿಯೇ. ಯಕ್ಷಗಾನದ ಚೆಂಡೆ, ಮದ್ದಳೆಗೆ ಬಿಗಿದದ್ದು ಚರ್ಮ, ಅವು ದೇವಸ್ಥಾನದ ಎದುರೇ ಬಾರಿಸಲ್ಪಡುತ್ತವೆ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ ಅಂತ ಕಲಾವಿದರಿಗೆ ಗೊತ್ತು, ಮೇ ಕೊನೆಯ ಪತ್ತನಾಜೆಗೆ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಅಂದರೆ ಚರ್ಮ ಒಳಗೆ ಬರ್ತಿತ್ತು. ಬಾರದೆ ಹೊರಗೆ ಉಳಿದದ್ದು ಚರ್ಮ ಸುಲಿದು, ಹದ ಮಾಡಿ, ಹೊಲಿದು ಕೊಟ್ಟ ಮನುಷ್ಯ. ಮೈಲಿಗೆ ವಸ್ತುವಿನ ಮೇಲೆ ಇರಲಿಲ್ಲ, ಕೆಲಸದವನ ಮೇಲೆ ಇತ್ತು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಮಧುವರಸನ ಮನೆಗೂ ಮದುವೆಯಾದಾಗ ಊರು ಹೊತ್ತಿ ಉರಿದದ್ದು ಕೂಡ ಇದೇ ಕಾರಣಕ್ಕೆ.

1974 ಮತ್ತು ಸೋಫಾ ಸೆಟ್

ಇನ್ನು ನಮ್ಮ ಮನೆಯಂಥ ಮನೆಗಳ ಹಾಲ್‌ಗೆ ಸೋಫಾ ಬಂದದ್ದು ಹೇಗೆ? 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ನಮ್ಮ ಕಡೆ ಜನ ಅದನ್ನು "ಡಿಕ್ಲರೇಶನ್" ಅಂತಲೇ ಹೇಳುವುದು. ಗೇಣಿದಾರರು ಅರ್ಜಿ ಹಾಕಿದರು, ಭೂನ್ಯಾಯಮಂಡಳಿಯ ಎದುರು ನಿಂತರು, ಗೇಯುತ್ತಿದ್ದ ಜಾಗ ಅವರದ್ದಾಯ್ತು. ನಮ್ಮ ಅಜ್ಜನೂ ಅವರಲ್ಲೊಬ್ಬರು. ಮುಂದೆ ಬೊಂಬಾಯಿಯ ಹೋಟೆಲಿನ ದುಡ್ಡು, ಗಲ್ಫಿನ ದುಡ್ಡು ಬಂತು. ಮುಳಿಹುಲ್ಲು ಹೋಗಿ ಹಂಚು, ಹಂಚು ಹೋಗಿ ಟೆರೇಸ್. ಜಗಲಿ ಹೋಗಿ ಸಿಟೌಟ್, ಚಾವಡಿಯ ಬದಲು ಹಾಲ್. ಹಾಲ್‌ನಲ್ಲಿ ಮೂರು-ಒಂದು-ಒಂದರ ಸೋಫಾ ಸೆಟ್, ಮೇಲೆ ಕಂದು ಬಣ್ಣದ ರೆಕ್ಸಿನ್.

ರೆಕ್ಸಿನ್ ಅನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್‌ನ ಒಂದು ಕಂಪನಿಯ ಹೆಸರು. ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸಿ, ಚರ್ಮದ ಗೆರೆ ಒತ್ತಿದ ಮಾಲು. ಚರ್ಮದ ಗತ್ತು ಬೇಕು, ಆದರೆ ಚರ್ಮ ಬೇಡ ಅನ್ನುವವರಿಗೆ ಹೇಳಿ ಮಾಡಿಸಿದ ಹಾಗೆ. ಬಸ್ಸು, ರಿಕ್ಷಾ, ಟಾಕೀಸು, ಕೊನೆಗೆ ಮನೆ. ಒರೆಸಿದರೆ ಆಯ್ತು, ಮೈಲಿಗೆಯೂ ಇಲ್ಲ.

ಸೋಫಾದ ಒಳಗಿನ ಕಥೆಯಲ್ಲೂ ನಮ್ಮ ಜಿಲ್ಲೆ ಉಂಟು. 1962ರಲ್ಲಿ ಮಣಿಪಾಲದ ಪೈ ಕುಟುಂಬದವರು ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಹೆಸರಿನಲ್ಲಿ ಶುರು ಮಾಡಿದ ಕಂಪನಿಯೇ ಕರ್ಲಾನ್. ತೆಂಗಿನ ನಾರಿಗೆ ರಬ್ಬರ್ ಸೇರಿಸಿದ ಹಾಸಿಗೆ. ಬೂರುಗದ ಹತ್ತಿಯ ಗಂಟುಗಂಟಾದ ಹಾಸಿಗೆಯಿಂದ ಎಷ್ಟೋ ಮನೆಗೆ ಬಿಡುಗಡೆ ಕೊಟ್ಟದ್ದು ನಮ್ಮ ತೆಂಗಿನ ಸಿಪ್ಪೆ, ಮಾರಾಯ್ರೆ.

ಆದರೆ ಒಂದು ವಿಷಯ. ನಮ್ಮ ಅಜ್ಜಿ ಇವತ್ತಿಗೂ ಸೋಫಾದ ತುದಿಯಲ್ಲಿ ಕೂರುವುದು. ಬೆನ್ನು ಒರಗಿಸಿದ್ದು ನಾನು ನೋಡಿಲ್ಲ. ದಣಿಗಳ ಅಂಗಳದಲ್ಲಿ ನಿಂತೇ ಮಾತಾಡಿ ಬೆಳೆದವರು ಅವರು. ಹಾಗೆ ನಿಲ್ಲಿಸಲ್ಪಟ್ಟವರೇ ಚರ್ಮದ ಕೆಲಸದವನನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿದರು. ಅಜ್ಜಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಮೆಟ್ಟಿಲು ಮಾಡಿದ ಕೆಲಸವೇ ಅದು, ಪ್ರತಿಯೊಬ್ಬನಿಗೂ ತನ್ನ ಕೆಳಗೆ ಒಬ್ಬನನ್ನು ತೋರಿಸಿಕೊಟ್ಟಿತು.

ಹಾಗಾದರೆ ಯಾವುದು ತಗೊಳ್ಳುವುದು?

ಈಗ ಲೆಕ್ಕಕ್ಕೆ ಬರುವ. ಅಂಗಡಿಯಲ್ಲಿ "ಲೆದರ್" ಅಂದರೆ ಮೂರು ಇರ್ತದೆ. ಒಂದು ನಿಜವಾದ ಚರ್ಮ. ಎರಡು ಬಾಂಡೆಡ್, ಅಂದರೆ ಚರ್ಮದ ಚೂರು ಪುಡಿ ಮಾಡಿ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ. ಮೂರು ಪಿಯು, ಪೂರ್ತಿ ಕೃತಕ. ಕೊನೆಯ ಎರಡರಲ್ಲಿ ನಮ್ಮ ಹವೆಯ ತೇವಾಂಶಕ್ಕೆ ಪಾಲಿಯುರಿಥೇನ್ ಪದರ ನಿಧಾನಕ್ಕೆ ಒಡೆಯುತ್ತದೆ, ಕೆಲವೇ ವರ್ಷದಲ್ಲಿ ಸಿಪ್ಪೆ ಏಳ್ತದೆ. ಇದಕ್ಕೆ ರಿಪೇರಿ ಇಲ್ಲ. ನಿಜವಾದ ಚರ್ಮ ಬಾಳ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ಒರೆಸುತ್ತಾ, ಗಾಳಿ ಆಡಿಸುತ್ತಾ, ಕಂಡೀಷನರ್ ಹಚ್ಚುತ್ತಾ ಇರಬೇಕು. ಮನೆ ಬೀಗ ಹಾಕಿ ಎರಡು ವಾರ ಮುಂಬೈಗೆ ಹೋಗಿ ಬಂದರೆ ಹಸಿರು ಬೂಷ್ಟು ಸ್ವಾಗತಕ್ಕೆ ಇರ್ತದೆ. ಬಟ್ಟೆಗೆ ಮೀನು ಸಾರಿನ ಕಲೆ, ಧೂಳು, ಹಸಿ ವಾಸನೆ, ಇವೆಲ್ಲ ಉಂಟು. ಆದರೆ ಬಿಚ್ಚಿ ಒಗೆಯಲು ಆಗುವ ಕವರ್ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು.

ಕಾಮರ್ಸ್‌ನವರು ಸವಕಳಿ ಅಂತ ಹೇಳ್ತೇವಲ್ಲ, ಅದನ್ನು ಇಲ್ಲಿ ಹಾಕಿ. ಉದಾಹರಣೆಗೆ 40,000 ರೂಪಾಯಿಯ ಪಿಯು ಸೋಫಾ 5 ವರ್ಷ ಬಂದರೆ ವರ್ಷಕ್ಕೆ 8,000. ಅದೇ 40,000ಕ್ಕೆ ಹಲಸು ಅಥವಾ ಸಾಗುವಾನಿಯ ಚೌಕಟ್ಟು ಮಾಡಿಸಿ 20 ವರ್ಷ ಬಂದರೆ ವರ್ಷಕ್ಕೆ 2,000. ಅದರ ಕುಶನ್, ಕವರ್‌ಗೆ 5 ವರ್ಷಕ್ಕೊಮ್ಮೆ 10,000 ಅಂದರೆ ವರ್ಷಕ್ಕೆ ಇನ್ನು 2,000. ಒಟ್ಟು 4,000, ಅರ್ಧಕ್ಕೆ ಅರ್ಧ. ನಿಮ್ಮ ಊರಿನ ದರ ಹಾಕಿ ನೋಡಿ, ಆದರೆ ಸೂತ್ರ ಇಷ್ಟೇ: ಮರದ ಆಯುಷ್ಯ ಬೇರೆ, ಹೊದಿಕೆಯ ಆಯುಷ್ಯ ಬೇರೆ, ಎರಡನ್ನೂ ಒಂದೇ ವಸ್ತು ಅಂತ ಕೊಳ್ಳಬೇಡಿ. ಹಳೆ ಮನೆಯವರು ಮಣೆ ಬೇರೆ, ಚಾಪೆ ಬೇರೆ ಇಟ್ಟುಕೊಂಡಿದ್ದರಲ್ಲ, ಅದೇ ಲೆಕ್ಕ.

ಹಾಗಾಗಿ ನನ್ನ ವೋಟು ಮರದ ಚೌಕಟ್ಟು, ದಪ್ಪ ಹತ್ತಿಯ ಕವರ್. ಸಾಧ್ಯವಾದರೆ ಕೈಮಗ್ಗದ್ದು, ಎರಡು ಜೊತೆ, ಮಳೆಗಾಲಕ್ಕೆ ಗಾಢ ಬಣ್ಣದ್ದು. ಲೆದರ್ ಬೇಡ ಅಂತ ನಾನು ಹೇಳುವುದು ಮಳೆಗೋಸ್ಕರ ಮಾತ್ರ. ನಿಮ್ಮ ಮನೆಯಲ್ಲಿ ಬೇಡ ಅನ್ನುವವರು ಯಾವ ಕಾರಣಕ್ಕೆ ಅನ್ನುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಮಳೆ ಅಂದರೆ ಸರಿ. ಬೇರೆ ಎಂತಾದರೂ ಅಂದರೆ, ಸೋಫಾ ತರುವ ಮೊದಲು ಕೂತು ಮಾತಾಡಲಿಕ್ಕೆ ವಿಷಯ ಸಿಕ್ಕಿತು ಅಂತ ಲೆಕ್ಕ.

ನಿಮ್ಮ ಮನೆಯ ಮೊದಲ ಕುರ್ಚಿ ಯಾವಾಗ ಬಂತು, ಅದರಲ್ಲಿ ಯಾರು ಕೂರ್ತಿದ್ದರು, ಯಾರು ಕೂರ್ತಿರಲಿಲ್ಲ? ಹಿರಿಯರ ಹತ್ತಿರ ಕೇಳಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ.