ಬೀಜ, ಬೆದೆ, ಬಸಿರು: ಕರ್ನಾಟಕದಲ್ಲಿ ಕೃಷಿ ಮತ್ತು ಸಂತಾನ ವಿಜ್ಞಾನದ ನೈತಿಕ ಜಿಜ್ಞಾಸೆಯ ಇತಿಹಾಸ

ಬೆಳೆ, ದನಕರು, ಮನುಷ್ಯ ಈ ಮೂರರ ಹುಟ್ಟಿನಲ್ಲಿ ಪ್ರಯೋಗಾಲಯ ಕೈಯಾಡಿಸತೊಡಗಿದ ಮೇಲೆ ಎದ್ದ ತಕರಾರುಗಳನ್ನು ಈ ಲೇಖನ ಕರ್ನಾಟಕದ ಮಟ್ಟಿಗೆ ನೋಡುತ್ತದೆ. ಇದು ಪ್ರಕೃತಿಗೆ ವಿರುದ್ಧ, ದೇವರು ಮೆಚ್ಚದ ಕೆಲಸ ಎಂಬ ಆಕ್ಷೇಪ ಇಲ್ಲೂ ಇತ್ತು. ಆದರೆ ಅದು ಹೆಚ್ಚು ಕಾಲ ಬಾಳಲಿಲ್ಲ. ಹೈಬ್ರಿಡ್ ಜೋಳವನ್ನೂ ಸೀಮೆಹಸುವನ್ನೂ ಪ್ರನಾಳ ಶಿಶುವನ್ನೂ ಕನ್ನಡ ನಾಡು ಬೇಗನೆ ಒಪ್ಪಿಕೊಂಡಿತು. ಬಗೆಹರಿಯದೆ ಉಳಿದದ್ದು, ಹೊಲದವರನ್ನು, ಒಡಲಿನವರನ್ನು ಕೇಳಿ ಮಾಡಿದಿರಾ ಎಂಬ ಪ್ರಶ್ನೆ.

ಶಿವಮೊಗ್ಗದಿಂದ ಶಿಕಾರಿಪುರದ ಕಡೆ ಹೋಗುವ ದಾರಿಯಲ್ಲಿ ಸಿಗುವ ಸವಳಂಗ ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದೆ. 1997ರವರೆಗೆ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಊರು. ಈ ಸೀಮೆಯ ಕೆಂಪು ನೆಲದಲ್ಲಿ ಹೈಬ್ರಿಡ್ ಮೆಕ್ಕೆಜೋಳ, ನೀರಿದ್ದಲ್ಲಿ ಅಡಿಕೆ, ಭದ್ರಾ ನಾಲೆಯ ಕೆಳಗೆ ಭತ್ತ. ಮುಂದೆ ಹೇಳುವ ಹಲವು ಘಟನೆಗಳು ಇಲ್ಲಿಂದ ಒಂದೆರಡು ತಾಲ್ಲೂಕು ದಾಟಿದರೆ ಸಿಗುವ ಊರುಗಳಲ್ಲಿ ನಡೆದವು, ಇಲ್ಲವೇ ಈ ಭಾಗದವರ ಕೈಯಿಂದ ನಡೆದವು.

ಮೈಸೂರು ಸಂಸ್ಥಾನದ ಎರಡು ಮೊದಲುಗಳು

1930ರ ಜೂನ್ 11ರಂದು ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯುವಂತೆ ಆದೇಶ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ಸರ್ಕಾರವೊಂದು ತಾನಾಗಿ ಮುಂದೆ ಬಂದು ಇಂಥ ಚಿಕಿತ್ಸಾಲಯ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎಂದು ಕುಟುಂಬ ಯೋಜನೆಯ ಇತಿಹಾಸ ಬರೆದವರು ಗುರುತಿಸುತ್ತಾರೆ. ದೇಶದಲ್ಲಿ ಆಗ ಇದಕ್ಕೆ ಒಮ್ಮತವಿರಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ಈ ವಿಷಯವನ್ನೇ ಚರ್ಚಿಸಿದರು. ಮಕ್ಕಳು ಕಡಿಮೆ ಇರಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗರ್ಭನಿರೋಧಕ ಸಾಧನ ಬಳಸಿದರೆ ಸಂಯಮ ಹಾಳಾಗುತ್ತದೆ ಎಂಬುದು ಗಾಂಧೀಜಿಯವರ ನಿಲುವು. ಸಂಯಮದ ಮಾತನ್ನು ಗಂಡನಿಗೆ ಹೇಳಲಾರದ ಹೆಣ್ಣಿನ ಗತಿಯೇನು ಎಂಬುದು ಸ್ಯಾಂಗರ್ ಅವರ ಚಿಂತೆ.

ಸ್ವಾತಂತ್ರ್ಯಾನಂತರ ಮೊದಲ ಆರೋಗ್ಯ ಸಚಿವೆ, ಗಾಂಧಿವಾದಿ ರಾಜಕುಮಾರಿ ಅಮೃತ್ ಕೌರ್ ಸಾಧನಗಳ ಬದಲು ಋತುಚಕ್ರದ ಲೆಕ್ಕ ಹಿಡಿಯುವ ವಿಧಾನಕ್ಕೆ ಒಲವು ತೋರಿದರು. ಅದರ ಪರೀಕ್ಷೆಗೆ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಆರಿಸಿದ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ಮೈಸೂರು ರಾಜ್ಯದ ರಾಮನಗರ. ದಿನಗಳ ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಯೋಜನೆಯಲ್ಲಿ ಲೆಕ್ಕವಿಡುವ ಹೊಣೆಯೆಲ್ಲ ಹೆಂಗಸಿನ ಕೊರಳಿಗೆ ಬಿತ್ತು. ಗಂಡನಿಗೆ ಮಣಿಯೂ ಇಲ್ಲ, ಲೆಕ್ಕವೂ ಇಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒತ್ತಾಯ ನೇರವಾಗಿಯೇ ಬಂತು: 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು.

ಎರಡನೆಯ ಮೊದಲು ಕೊಟ್ಟಿಗೆಯದು. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರ್ಮಿನಲ್ಲಿ ಸಂಪತ್‌ಕುಮಾರನ್ ಅವರು ಹಸುವಿಗೆ ಮಾಡಿದ ಕೃತಕ ಗರ್ಭಧಾರಣೆಯನ್ನು ಭಾರತದಲ್ಲಿ ಮೊದಲನೆಯದೆಂದು ಪಶುವೈದ್ಯ ಗ್ರಂಥಗಳು ದಾಖಲಿಸುತ್ತವೆ. ಈಗ ಸವಳಂಗ ಸೀಮೆಯಲ್ಲಿ ಹಸು ಬೆದೆಗೆ ಬಂದರೆ ಹೋರಿ ಹುಡುಕಿಕೊಂಡು ಹೋಗುವವರು ಅಪರೂಪ. ಪಶು ಆಸ್ಪತ್ರೆಯವರಿಗೆ ಫೋನ್ ಮಾಡಿ ಇಂಜೆಕ್ಷನ್ ಕೊಡಿಸುತ್ತಾರೆ. ಹಾಲು ಹೆಚ್ಚಿತು, ಹಳ್ಳಿಕಾರ್ ಮತ್ತು ಅಮೃತಮಹಲ್‌ನಂಥ ದುಡಿಯುವ ತಳಿಗಳು ಹಿಂದೆ ಸರಿದವು. ಹಾಲು ಬೇಕಾದವರು ಅದನ್ನು ನಷ್ಟವೆಂದು ಎಣಿಸಲಿಲ್ಲ.

ಟ್ರ್ಯಾಕ್ಟರ್ ಬಂದ ಮೇಲೆ ಗಂಡುಕರು ಬೇಡವಾಯಿತು. 2020ರ ಗೋಹತ್ಯೆ ನಿಷೇಧ ಕಾಯ್ದೆಯಿಂದ ಅದನ್ನು ಕಸಾಯಿಖಾನೆಗೆ ಮಾರುವ ದಾರಿಯೂ ಮುಚ್ಚಿತು. ಇದಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಲಿಂಗ ವಿಂಗಡಿಸಿದ ವೀರ್ಯನಳಿಕೆ: ಹಾಕಿಸಿದರೆ ಬಹುಪಾಲು ಹೆಣ್ಣುಕರುವೇ. ರಾಷ್ಟ್ರೀಯ ಗೋಕುಲ್ ಮಿಷನ್ ಇದಕ್ಕೆ ಸಹಾಯಧನ ಕೊಡುತ್ತದೆ. ಇದೇ ಕೆಲಸವನ್ನು ಮನುಷ್ಯರಲ್ಲಿ ಮಾಡಿದರೆ ಜೈಲು. 2003ರಲ್ಲಿ ತಿದ್ದುಪಡಿಯಾದ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಗರ್ಭ ಕಟ್ಟುವ ಮೊದಲೇ ಲಿಂಗ ಆರಿಸುವುದನ್ನೂ ಅಪರಾಧವೆನ್ನುತ್ತದೆ. ಕೊಟ್ಟಿಗೆಯಲ್ಲಿ ಗಂಡು ಬೇಡ, ತೊಟ್ಟಿಲಲ್ಲಿ ಹೆಣ್ಣು ಬೇಡ ಎನ್ನುವ ಮನೆ ಒಂದೇ ಆಗಿರಬಹುದು.

ಬೀಜದ ಜಗಳ

1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟಾರ್ಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಹತ್ತಿ ಎರಡು ಪ್ರಭೇದಗಳ ಸಂಕರ. ಉದ್ದನೆಯ ಎಳೆ, ಒಳ್ಳೆಯ ಬೆಲೆ. ಆದರೆ ಆರಿಸಿಟ್ಟ ಬೀಜ ಮರುವರ್ಷ ಅದೇ ಬೆಳೆ ಕೊಡದು. ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಬೇಕು. ಹೈಬ್ರಿಡ್ ಬೀಜ ಹುಟ್ಟಿಸುವುದು ಕೈಕೆಲಸ: ಹೂ ಬಿರಿಯುವ ಮುನ್ನ ಅದರ ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗ ಸವರಬೇಕು. ‘ಕ್ರಾಸಿಂಗ್’ ಎಂದು ಕರೆಯುವ ಈ ಕೆಲಸಕ್ಕೆ ಹೊನ್ನಾಳಿಯಿಂದ ತುಂಗಭದ್ರೆಯಾಚೆಗಿರುವ ರಾಣೆಬೆನ್ನೂರು ಸೀಮೆ ಹೆಸರಾಯಿತು. ಸಣ್ಣ ಬೆರಳುಗಳು ಬೇಕೆಂಬ ನೆಪದಲ್ಲಿ ಬೀಜೋತ್ಪಾದನೆಯ ಹೊಲಗಳಿಗೆ ಹುಡುಗಿಯರನ್ನು ಕರೆದೊಯ್ಯುವ ರೂಢಿಯೂ ಬೆಳೆಯಿತು. ಆಗ ಇದನ್ನು ಕೂಲಿಯ ಪ್ರಶ್ನೆ ಎಂದರೇ ಹೊರತು ವಿಜ್ಞಾನದ ಪ್ರಶ್ನೆ ಎಂದು ಯಾರೂ ಕರೆಯಲಿಲ್ಲ.

ಬೀಜದ ಒಡೆತನವನ್ನು ಬೀದಿಗೆ ತಂದದ್ದು ಕರ್ನಾಟಕ ರಾಜ್ಯ ರೈತ ಸಂಘ. 1980ರಲ್ಲಿ ಹುಟ್ಟಿದ ಈ ಸಂಘದ ಬೇರು ಇದ್ದದ್ದು ಹೊನ್ನಾಳಿಯನ್ನೂ ಒಳಗೊಂಡಿದ್ದ ಅಂದಿನ ಶಿವಮೊಗ್ಗ ಜಿಲ್ಲೆಯ ಕಬ್ಬು ಬೆಳೆಗಾರರಲ್ಲಿ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಈ ಭಾಗದವರು, ಎಂ.ಡಿ. ನಂಜುಂಡಸ್ವಾಮಿ ಸಂಘದ ವಾದಕ್ಕೆ ಕಾನೂನಿನ ಹರಿತ ತಂದವರು. ಜಾಗತಿಕ ವ್ಯಾಪಾರ ಮಾತುಕತೆಯ ಡಂಕೆಲ್ ಪ್ರಸ್ತಾವ ಬೀಜದ ಮೇಲೆ ಪೇಟೆಂಟ್ ತರುತ್ತದೆಂದು 1992ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟಡ ಹಂತದಲ್ಲಿದ್ದ ಅದರ ಬೀಜ ಘಟಕವನ್ನು ಕೆಡವಿದರು. ಆಸ್ತಿ ನಾಶವೂ ಅಹಿಂಸೆಯೇ ಎಂಬ ನಂಜುಂಡಸ್ವಾಮಿಯವರ ವಾದವನ್ನು ಹಳೆಯ ಗಾಂಧಿವಾದಿಗಳು ಒಪ್ಪಲಿಲ್ಲ. ಅದು ಒಪ್ಪುವಂಥದ್ದೂ ಅಲ್ಲ. ಆದರೆ ಬೀಜ ಯಾರದು ಎಂಬ ಪ್ರಶ್ನೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಈ ಗಲಾಟೆಗಳಿಂದಲೇ.

1998ರಲ್ಲಿ ಮಹಿಕೋ ಮತ್ತು ಮಾನ್ಸಾಂಟೊ ದೇಶದ ಹಲವು ಕಡೆ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ನಡೆಸಿದ್ದವು. ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಕಾಯಿಕೊರಕ ಹುಳು ತಿಂದರೆ ಸಾಯುವಂತೆ ಮಾಡಿದ ಗಿಡ ಅದು. ಯಾವ ಹೊಲಗಳಲ್ಲಿ ಎಂಬುದನ್ನು ಬಹಿರಂಗಪಡಿಸಿರಲಿಲ್ಲ. ಒತ್ತಡ ಹೆಚ್ಚಿದಾಗ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಸಂಪುಟದ ಕೃಷಿ ಸಚಿವ ಸಿ. ಬೈರೇಗೌಡರು ರಾಜ್ಯದ ಪ್ರಯೋಗದ ಜಾಗಗಳನ್ನು ಹೇಳಬೇಕಾಯಿತು. ನವೆಂಬರ್ 28ರಂದು ರೈತ ಸಂಘ ರಾಯಚೂರು ಜಿಲ್ಲೆಯ ಅಂಥದೊಂದು ಹೊಲದಲ್ಲಿ ಗಿಡ ಕಿತ್ತು ಬೆಂಕಿ ಹಚ್ಚಿತು. ತನ್ನ ಹೊಲದಲ್ಲಿರುವುದು ಕುಲಾಂತರಿ ಎಂಬುದು ಹೊಲದ ಯಜಮಾನನಿಗೇ ತಿಳಿದಿರಲಿಲ್ಲ; ಹೊಸ ಬೀಜ, ಬಿತ್ತಿ ನೋಡಿ ಎಂದಷ್ಟೇ ಹೇಳಿದ್ದರು. ಕೀಳುವ ಮೊದಲು ಸಂಘ ಆ ಯಜಮಾನನ ಒಪ್ಪಿಗೆ ಪಡೆದಿತ್ತು. ಪ್ರಯೋಗ ಮಾಡಿದವರಿಗಿಂತ ಸುಟ್ಟವರು ಒಪ್ಪಿಗೆಯ ವಿಷಯದಲ್ಲಿ ಹೆಚ್ಚು ಎಚ್ಚರವಾಗಿದ್ದರು ಎಂಬುದು ಈ ಚರಿತ್ರೆಯ ವ್ಯಂಗ್ಯಗಳಲ್ಲೊಂದು.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಎಣ್ಣೆ ಹೊಡೆಯುವ ಖರ್ಚು ಮೊದಲ ವರ್ಷಗಳಲ್ಲಿ ಇಳಿದದ್ದರಿಂದ ರೈತರು ತಾವಾಗಿಯೇ ಅದನ್ನು ಕೊಂಡರು. ರೈತ ಸಂಘದ ಸದಸ್ಯರೂ ಕೊಂಡರು. 2010ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಗೆ ಜಗ್ಗುತ್ತಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು.

ಸಾರ್ವಜನಿಕ ಸಂಸ್ಥೆಗಳು ಮಾಡಿದ್ದರೆ ಇದೆಲ್ಲ ನೇರವಾಗಿರುತ್ತಿತ್ತು ಎನ್ನುವವರಿಗೆ ‘ಬಿಕಾನೇರಿ ನರ್ಮ’ದ ಕಥೆ ಉತ್ತರ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ತಯಾರಿಸಿದ ಈ ಬಿಟಿ ಹತ್ತಿ ಹೈಬ್ರಿಡ್ ಅಲ್ಲ. ರೈತ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಿತ್ತು. 2008ರಲ್ಲಿ ಅನುಮತಿ ಪಡೆದು 2009ರಲ್ಲಿ ಹೊಲಕ್ಕಿಳಿದ ಬೀಜದಲ್ಲಿ ಮಾನ್ಸಾಂಟೊದ ಜೀನ್ ಜೋಡಣೆಯೇ ಪತ್ತೆಯಾಯಿತು. ಮಾರಾಟ ನಿಂತಿತು. ತನಿಖೆ ನಡೆಸಿದ ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು.

ಬದನೆಯದು ಇನ್ನೂ ಊರಿನ ಜಗಳ. 2005ರಲ್ಲಿ ಧಾರವಾಡ ವಿಶ್ವವಿದ್ಯಾಲಯ ಮಹಿಕೋ ಜೊತೆ ಒಪ್ಪಂದ ಮಾಡಿಕೊಂಡು, ಮಾಳಾಪುರ, ಕುಡಚಿ, ರಬಕವಿ, ಉಡುಪಿಯಂಥ ಊರುಗಳ ಹೆಸರು ಹೊತ್ತ ಸ್ಥಳೀಯ ಬದನೆಗಳಿಗೆ ಬಿಟಿ ಜೀನ್ ಸೇರಿಸುವ ಕೆಲಸಕ್ಕಿಳಿಯಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ನಡೆಸಿದ ಸಾರ್ವಜನಿಕ ಸಭೆಗಳಲ್ಲಿ ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ಮೂರು ದಿನದ ಬಳಿಕ ಅವರು ಬಿಟಿ ಬದನೆಯನ್ನು ತಡೆಹಿಡಿದರು. ಅವಸರ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಊರ ತಳಿಗಳನ್ನು ಬಳಸುವಾಗ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಮಿತಿಗಳನ್ನು ಕೇಳಲಿಲ್ಲವೆಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ಪರಿಶೀಲಿಸಿದ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಆ ಕಾಯ್ದೆಯಲ್ಲಿದ್ದ ಜೈಲುಶಿಕ್ಷೆಯನ್ನು ಸಂಸತ್ತು 2023ರಲ್ಲಿ ತೆಗೆದು ದಂಡಕ್ಕೆ ಇಳಿಸಿದೆ.

ಆಕಾಶದಿಂದ ಬಿದ್ದ ಔಷಧಿ

ಕೃಷಿ ಮತ್ತು ಸಂತಾನ ಎಂಬ ಎರಡು ಎಳೆಗಳು ಒಂದೇ ಕಡೆ ಗಂಟಾದದ್ದು ಗಡಿಯಾಚೆ, ಕೇರಳದ ಕಾಸರಗೋಡಿನಲ್ಲಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿತು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಎಣ್ಮಕಜೆ, ಪಡ್ರೆಯಂಥ ಕನ್ನಡ, ತುಳು ಮಾತಾಡುವ ಹಳ್ಳಿಗಳು, ಅವರು ಕುಡಿಯುವ ಸುರಂಗದ ನೀರು. ಮೊದಲು ಕಾಣಿಸಿದ್ದು ಅಂಗವಿಕಲ ಕರುಗಳು. ಪತ್ರಕರ್ತ ಶ್ರೀಪಡ್ರೆ 1981ರಲ್ಲೇ ಈ ಬಗ್ಗೆ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಕಾಯಿಲೆಗಳ ಲೆಕ್ಕವಿಟ್ಟರು. ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತೋಟದ ಬುಡದ ಹಳ್ಳಿಯ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಡನೆ ಹೋಲಿಸಿತು. 2003ರಲ್ಲಿ ಪ್ರಕಟವಾದ ಈ ಅಧ್ಯಯನ, ಸಿಂಪಡಣೆಗೆ ಸಿಕ್ಕ ಹುಡುಗರು ತಡವಾಗಿ ಪ್ರಾಯಕ್ಕೆ ಬರುತ್ತಿದ್ದಾರೆ, ಹಾರ್ಮೋನು ತಯಾರಿಕೆಯಲ್ಲಿ ವ್ಯತ್ಯಯವಿದೆ ಎಂಬ ತೀರ್ಮಾನಕ್ಕೆ ಬಂತು. ಕೀಟನಾಶಕ ಉದ್ಯಮ ಅದನ್ನು ಪ್ರಶ್ನಿಸಿತು; ಯಾವ ಕಾಯಿಲೆ ಇದರಿಂದ, ಯಾವುದಲ್ಲ ಎಂಬ ವೈಜ್ಞಾನಿಕ ವಾದ ಇನ್ನೂ ಇದೆ. ಆದರೆ ಈ ವಾದದಲ್ಲಿ ಒಂದು ಅಂಶ ಮರೆಯಾಗುತ್ತದೆ. ಗೇರು ನಿಗಮದ್ದು, ಹುಳು ನಿಗಮದ ಗಿಡದ್ದು. ಔಷಧಿ ಬಿದ್ದದ್ದು ಒಂದೂ ಗೇರುಮರ ಇಲ್ಲದವರ ಬಾವಿಗೆ. ಗಡಿಯ ಈಚೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತ ಕರ್ನಾಟಕದ ಗೇರು ನಿಗಮದ ತೋಟಗಳ ಕೆಳಗೂ ಇದೇ ಪಾಡು. ಕರ್ನಾಟಕ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆಯಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2017ರಲ್ಲಿ.

ಒಡಲಿನ ವ್ಯವಹಾರ

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಎರಡನೆಯದನ್ನು ಸಾಧಿಸಿದ ಡಾ. ಸುಭಾಷ್ ಮುಖ್ಯೋಪಾಧ್ಯಾಯರನ್ನು ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮುಂದಿನ ಎರಡು ದಶಕದಲ್ಲಿ ಬೆಂಗಳೂರು ಬಂಜೆತನ ಚಿಕಿತ್ಸೆಯ ದೊಡ್ಡ ಕೇಂದ್ರವಾಯಿತು, ಬಾಡಿಗೆ ತಾಯ್ತನದ ಮಾರುಕಟ್ಟೆಯೂ ಆಯಿತು. ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ 2015ರ ತಮ್ಮ ಪುಸ್ತಕದಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬಾಡಿಗೆ ತಾಯಂದಿರಾದ ಬಗೆಯನ್ನು ಅಧ್ಯಯನ ಮಾಡಿದ್ದಾರೆ. ಹೊಲಿಗೆ ಯಂತ್ರದ ಮುಂದಿನ ದುಡಿತಕ್ಕೆ ಹೋಲಿಸಿದರೆ ಇದೇ ಮೇಲು ಎಂದವರು ಅವರಲ್ಲಿದ್ದರು. ಆ ಮಾತು ಬಾಡಿಗೆ ತಾಯ್ತನವನ್ನು ಹೊಗಳುತ್ತದೋ ಗಾರ್ಮೆಂಟ್ಸ್ ಕಾರ್ಖಾನೆಯನ್ನು ದೂರುತ್ತದೋ ಎಂದು ಯೋಚಿಸಬೇಕು. 2022ರ ಜನವರಿ 25ರಿಂದ ಜಾರಿಗೆ ಬಂದ ಕಾಯ್ದೆ ಹಣಕ್ಕಾಗಿ ಗರ್ಭ ಹೊರುವುದನ್ನು ನಿಷೇಧಿಸಿ, ಮದುವೆಯಾಗಿ ಸ್ವಂತ ಮಗುವಿರುವ 25ರಿಂದ 35 ವರ್ಷದ ಹೆಣ್ಣು ಜೀವನದಲ್ಲಿ ಒಮ್ಮೆ ಮಾತ್ರ, ಪ್ರತಿಫಲವಿಲ್ಲದೆ ಬಾಡಿಗೆ ತಾಯಿಯಾಗಬಹುದು ಎನ್ನುತ್ತದೆ. ವೈದ್ಯರಿಗೆ ಶುಲ್ಕವಿದೆ, ಆಸ್ಪತ್ರೆಗೆ ಬಿಲ್ಲಿದೆ, ತ್ಯಾಗವನ್ನು ಕೇಳಿದ್ದು ಅವಳೊಬ್ಬಳಿಂದ.

ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ 1994ರದು. ಆದರೂ 0–6 ವಯಸ್ಸಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳು 2011ರ ಜನಗಣತಿಯಲ್ಲಿ 948 ಆದರು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲವೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ. ತನಿಖೆ ಸಿಐಡಿಗೆ ಹೋಯಿತು.

ಸವಳಂಗಕ್ಕೆ ಇನ್ನೂ ಹತ್ತಿರದ್ದು ರಾಣೆಬೆನ್ನೂರಿನ ಪ್ರಕರಣ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರ ನಡುವೆ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದಿದ್ದರೂ ತೆಗೆಯಲಾಯಿತೆಂಬ ಆರೋಪ ಎದ್ದಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಗಿತ್ತು ಎಂಬುದು ಅವರ ದೂರು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಂಗಸರು, ಹಲವರಿಗೆ ಇನ್ನೂ ಮೂವತ್ತೂ ತುಂಬಿರಲಿಲ್ಲ. 2015ರಲ್ಲಿ ಕಲಬುರಗಿಯ ತಾಂಡಾಗಳಿಂದಲೂ ಇಂಥದೇ ದೂರು ಬಂದಿತ್ತು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು, ಅಂದರೆ ಲಂಬಾಣಿಗಳು, ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಹೀಗಾಗಿ ಇದು ಈ ಸೀಮೆಗೆ ದೂರದ ಸುದ್ದಿಯಲ್ಲ. ಕಬ್ಬು ಕಡಿಯಲು, ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಂಗಸಿಗೆ ಮುಟ್ಟಿನ ದಿನವೆಂದರೆ ಕೂಲಿ ಕಳೆದುಕೊಳ್ಳುವ ದಿನ. ಇನ್ನು ಇದರ ಕಾಟವಿಲ್ಲ ಎಂಬ ಮಾತು ಅಂಥವಳಿಗೆ ಸಮಾಧಾನವಾಗಿಯೇ ಕೇಳಿಸುತ್ತದೆ. ಸಹಿ ಇತ್ತು, ಹೆಬ್ಬೆಟ್ಟಿತ್ತು. ಅದನ್ನು ಒಪ್ಪಿಗೆ ಎನ್ನಬಹುದೇ ಎಂಬುದು ಬೇರೆ ಮಾತು.

ಈಚಿನ ಬೆಳವಣಿಗೆ

ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅನುಮತಿಯನ್ನು ಅಸಿಂಧು ಎಂದರೆ, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ರೈತರನ್ನೂ ಕರೆದು ಮಾತಾಡಿ ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿ ರೂಪಿಸಬೇಕು ಎಂಬುದರಲ್ಲಿ ಇಬ್ಬರೂ ಒಂದಾದರು. ಇದಕ್ಕೂ ಮುಂಚೆ, 2022ರ ಮಾರ್ಚಿನಲ್ಲಿ, ಹೊರಗಿನ ಜೀನ್ ಸೇರಿಸದೆ ಗಿಡದ ಸ್ವಂತ ಜೀನನ್ನೇ ತಿದ್ದಿದ ಬೆಳೆಗಳನ್ನು ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿತ್ತು. 2025ರ ಮೇನಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಹೀಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದು ಸಾಂಬಾ ಮಸೂರಿಯಿಂದ ಬಂದ ‘ಕಮಲಾ’. ಇದೇ ತಂತ್ರದಿಂದ ಮನುಷ್ಯ ಭ್ರೂಣವನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದೆನೆಂದು 2018ರಲ್ಲಿ ಘೋಷಿಸಿದ ಚೀನಾದ ಹೆ ಜಿಯಾನ್‌ಕುಯ್ ಜೈಲಿಗೆ ಹೋದರು. ಭತ್ತಕ್ಕೆ ಆ ತಡೆಯಿಲ್ಲ. ಕುಲಾಂತರಿ ಬೆಳೆಗಳಿಗೆ ಕಡ್ಡಾಯವಾದ ಜೈವಿಕ ಸುರಕ್ಷತಾ ಪರೀಕ್ಷೆಗಳ ಸರಣಿಯನ್ನು ಹಾಯದೆಯೇ ಅದರ ಬೀಜ ಭದ್ರಾ ನಾಲೆಯ ಗದ್ದೆಗೂ ಬರಬಹುದು.