ತೂಬು ಎತ್ತಿದ ಕೈ



ಮೊನ್ನೆ ಆಫೀಸಲ್ಲಿ ಜಲಾನಯನದ ಸುತ್ತೋಲೆ ಟೈಪ್ ಮಾಡ್ತಿದ್ದೆ. 'ಸಮುದಾಯದ ಪಾತ್ರ' ಅಂತ ನಾಲ್ಕು ಕಡೆ ಬಂತು. ಯಾವ ಸಮುದಾಯ ಅಂತ ಒಂದು ಕಡೆಯೂ ಇಲ್ಲ.

ನಂದಿಬೆಟ್ಟದಲ್ಲಿ ಬಿದ್ದ ಮಳೆ ಅರ್ಕಾವತಿಯಾಗಿ ದೊಡ್ಡಬಳ್ಳಾಪುರದ ಕೆರೆಗಳನ್ನ ಒಂದೊಂದಾಗಿ ತುಂಬಿಸಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕಾವೇರಿ ಸೇರುತ್ತೆ. ಮೇಲಿನ ಕೆರೆ ಕೋಡಿ ಬಿದ್ದರೇ ಕೆಳಗಿನ ಕೆರೆಗೆ ನೀರು. ಈ ಸರಪಳಿ ಕಾದವನು ನೀರಗಂಟಿ. ನಮ್ಮ ಕಡೆ ಬಹುಪಾಲು ದಲಿತರ ಕೆಲಸ ಅದು. ತೂಬು ಎತ್ತೋದು, ಮಳೆಗಾಲದ ರಾತ್ರಿ ಏರಿ ಮೇಲೆ ಬಿರುಕು ಹುಡುಕೋದು, ಬರದ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು. ಪ್ರತಿಫಲ ಸುಗ್ಗೀಲಿ ಒಂದಷ್ಟು ಹೊರೆ, ತುಂಡು ಇನಾಂ ಜಮೀನು. ನಮ್ಮ ತಾತ ಇಡೀ ಊರಿನ ಗದ್ದೆಗೆ ನೀರು ಬಿಟ್ಟೋರು. ಊರ ಬಾವಿಗೆ ಕೊಡ ಇಳಿಸೋ ಹಾಗಿರಲಿಲ್ಲ. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಅದು ನಮ್ಮೂರಿಗೆ ತಲುಪೋಕೆ ತುಂಬಾ ಕಾಲ ಹಿಡೀತು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯ ಚಾಕರಿ ಹೋಯ್ತು. ಹೋಗಲೇಬೇಕಿತ್ತು. ಆ ಚಾಕರಿಯನ್ನ 'ಪಾರಂಪರಿಕ ಜ್ಞಾನ' ಅಂತ ಹೊಗಳೋರನ್ನ ಕಂಡ್ರೆ ನನಗೆ ಸಿಟ್ಟು. ಆದ್ರೆ ಅದರ ಜೊತೆ ಕೆರೆ ಮೇಲೆ ನಮಗಿದ್ದ ಮಾತೂ ಹೋಯ್ತು. ಬೋರ್‌ವೆಲ್ ಬಂತು, ರಾಜಕಾಲುವೆ ಒತ್ತುವರಿ ಆಯ್ತು. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗೆ ಊರ ಕೊಳಚೆ, ಕಾರ್ಖಾನೆ ನೀರು ಸೇರಿ ಜನ ಬೀದಿಗಿಳಿದು ಕೂರಬೇಕಾಯ್ತು.

ತಾತನ ಜಮೀನಿನ ಪಹಣಿ ಈಗ ಬೇರೆಯವರ ಹೆಸರಲ್ಲಿದೆ. ಸುತ್ತೋಲೆಗೆ ಸಹಿಯಾಗಿ ಹೋಯ್ತು. ನಿಮ್ಮೂರ ನೀರಗಂಟಿ ಮನೆ ಯಾವುದು, ಗೊತ್ತಿದ್ರೆ ಬರೀರಿ.