ಹೆಂಚಿನ ಮಾಡು ಮತ್ತು 180 ಡಿಗ್ರಿ

ಮೊದಲು ಫೋಟೋ ನೋಡಿ. ಹರಿಹರಪುರದಲ್ಲಿ ತುಂಗೆ ಕಡೆ ಇಳಿಯೋ ದಾರಿಯಲ್ಲಿ ಕಂಡ ಹಳೇ ಹೆಂಚಿನ ಮನೆ. ಪಕ್ಕದಿಂದ ನೋಡಿದ್ರೆ ಮಾಡು ಅಚ್ಚುಕಟ್ಟು ತ್ರಿಕೋನ. ನಮ್ಮ ಮಲೆನಾಡಿನ ಮಳೆಗೆ ಈ ಇಳಿಜಾರು ಬೇಕೇ ಬೇಕು.

ಈಗ ಹೇಳಿ: ಮಾಡನ್ನು ಇನ್ನಷ್ಟು ಎತ್ತರಿಸಿದ್ರೆ ಮೂರು ಕೋನಗಳ ಮೊತ್ತ ಬದಲಾಗುತ್ತಾ?

180 ಅಂತ ನಾವೆಲ್ಲ ಬಾಯಿಪಾಠ ಮಾಡಿದೋರೇ. ಜಿಯೋಜೀಬ್ರಾ ಅನ್ನೋ ತಂತ್ರಾಂಶದಲ್ಲಿ ಮಗು ತ್ರಿಕೋನದ ತುದಿಯನ್ನು ಮೌಸ್‌ನಿಂದ ಎಳೆಯುತ್ತೆ. ಒಂದು ಕೋನ ಹಿಗ್ಗುತ್ತೆ, ಇನ್ನೊಂದು ಕುಗ್ಗುತ್ತೆ, ಮೊತ್ತ ಮಾತ್ರ ಅಲ್ಲಾಡಲ್ಲ. ‘ಯಾಕೆ?’ ಅನ್ನೋ ಪ್ರಶ್ನೆ ಆಗ ಮಗುವಿನದೇ ಆಗುತ್ತೆ. ಜಿನೀವಾದಲ್ಲಿ ಪಿಯಾಜೆ ಜೊತೆ ಕೆಲಸ ಮಾಡಿದ್ದ ಸೆಮೂರ್ ಪ್ಯಾಪರ್ಟ್, ಸಂಗಡಿಗರ ಜೊತೆ 1967ರಲ್ಲೇ ಮಕ್ಕಳಿಗಾಗಿ ‘ಲೋಗೋ’ ಭಾಷೆ ಕಟ್ಟಿದ್ದು ಇದಕ್ಕೇ. ಕಂಪ್ಯೂಟರ್ ಮಗುವಿಗೆ ಪಾಠ ಒಪ್ಪಿಸೋದಲ್ಲ, ಮಗುವೇ ಕಂಪ್ಯೂಟರಿಗೆ ಹೇಳಿ ಕೆಲಸ ಮಾಡಿಸಬೇಕು ಅನ್ನೋದು ಅವರ ವಾದ.

ನಮ್ಮ ರಾಜ್ಯದಲ್ಲಿ ಈ ದಾರಿ ತುಳಿದದ್ದು ಮೊದಲು ಕಾರ್ಡುಗಳು, ಅಂದ್ರೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಶಿಕ್ಷಕರು, ಋಷಿವ್ಯಾಲಿಯ ಮಾದರಿ ನೋಡಿಬಂದು, ಯುನಿಸೆಫ್ ನೆರವಿನಿಂದ ಶುರುಮಾಡಿದ್ದು. ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದರು. ಮಗು ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ತನ್ನ ವೇಗದಲ್ಲಿ ಹತ್ತಬಹುದು. ನನ್ನ ಮಟ್ಟಿಗೆ ಅದೂ ತಂತ್ರಜ್ಞಾನವೇ. ಕರೆಂಟು ಬೇಡ, ಅಷ್ಟೇ!

ಕಂಪ್ಯೂಟರ್ ಬಂದ ರೀತಿ ಬೇರೆ. 2001ರ ಹೊತ್ತಿಗೆ ಶುರುವಾದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಯಂತ್ರವೂ ಬಂತು, ಕಲಿಸೋರೂ ಖಾಸಗಿ ಕಂಪನಿಗಳಿಂದಲೇ ಬಂದರು. ಹಾಗಾದ್ರೆ ಶಾಲೆಯ ಗಣಿತ ಮೇಷ್ಟ್ರಿಗೆ ಅಲ್ಲೇನು ಕೆಲಸ? ಕಂಪ್ಯೂಟರ್ ಅಂದ್ರೆ ಬೇರೆಯೇ ಒಂದು ಪಾಠ, ತ್ರಿಕೋನಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನೋ ಹಾಗಾಯ್ತು.

ತಿರುವು ಬಂದದ್ದು ಆಮೇಲಿನ ದಶಕದಲ್ಲಿ. ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಸರ್ಕಾರಿ ಶಿಕ್ಷಕರನ್ನೇ ಕಂಪ್ಯೂಟರ್ ಮುಂದೆ ಕೂರಿಸಿದವು. 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಬಂತು: ಶಿಕ್ಷಕರೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠ ಬರೆದು ಹಂಚೋ ಜಾಗ. ಬೇರೆಯವರು ಬರೆದದ್ದನ್ನು ತಗೊಳ್ಳಬಹುದು, ತಿದ್ದಬಹುದು, ಮತ್ತೆ ಹಂಚಬಹುದು, ಅನುಮತಿಗೆ ಕಾಯಬೇಕಿಲ್ಲ.

ಈ ‘ತಿದ್ದಬಹುದು’ ಅನ್ನೋದೇ ದೊಡ್ಡದು ನೋಡಿ. ಎಲ್ಲೋ ಯಾರೋ ಬರೆದ ತ್ರಿಕೋನ ತೆಗೆದು ಕೊಪ್ಪದ ಮೇಷ್ಟ್ರು ಈ ಹೆಂಚಿನ ಮಾಡನ್ನೇ ಅಲ್ಲಿ ಕೂರಿಸಬಹುದು.

ನಿಮ್ಮ ಮನೆ ಮಾಡಿನ ತುದಿ ಕೋನ ಎಷ್ಟು? ಮಕ್ಕಳ ಕೈಯಲ್ಲಿ ಅಳೆಸಿ, ಕಾಮೆಂಟಲ್ಲಿ ಹಾಕಿ. ತಾರಸಿ ಮನೆಯವರು ಅಜ್ಜನ ಮನೆಗೆ ಹೋದಾಗ ಅಳೀರಿ 🙂